ಸಂಪಾದಕರ ಮಾತು: ಅಭಿಮಾನಿಗಳ ಅಚ್ಚಿನ ಹಾಳೆ

ಮೆಚ್ಚಿದ ರಾಕ್ ತಂಡದ ಬಗ್ಗೆ ಅಭಿಮಾನಿಗಳೇ ಬರೆದು, ಟೈಪು ಮಾಡಿ, ಪಿನ್ನು ಹೊಡೆದು ಹಂಚುತ್ತಿದ್ದ ಪತ್ರಿಕೆಗಳಿಗೆ ಫ್ಯಾನ್‌ಜೀನ್ ಎಂದು ಹೆಸರು. ಅಮೆರಿಕದಲ್ಲಿ 1966ರಲ್ಲಿ ಪಾಲ್ ವಿಲಿಯಮ್ಸ್ ಎಂಬ ಕಾಲೇಜು ಹುಡುಗ ಸೈಕ್ಲೋಸ್ಟೈಲ್ ಪ್ರತಿಗಳಲ್ಲಿ ‘ಕ್ರಾಡ್ಯಾಡಿ’ ಹೊರಡಿಸಿದ. ಲಂಡನ್ನಿನಲ್ಲಿ 1976ರ ಜುಲೈನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ರಮೋನ್ಸ್ ತಂಡದ ಹುಚ್ಚು ಹಿಡಿದು ‘ಸ್ನಿಫಿನ್ ಗ್ಲೂ’ ತಂದ. ತಲೆಬರಹಗಳನ್ನು ದಪ್ಪ ಪೆನ್ನಿನಲ್ಲಿ ಗೀಚಿದ್ದ ಆ ಪತ್ರಿಕೆಯ ಮೊದಲ ಸಂಚಿಕೆ ಐವತ್ತರಷ್ಟು ಪ್ರತಿ; ಮರುವರ್ಷ ನಿಲ್ಲುವ ಹೊತ್ತಿಗೆ ಪ್ರತಿಗಳು ಸಾವಿರಗಟ್ಟಲೆ ಹೋಗುತ್ತಿದ್ದವು. ದೊಡ್ಡ ಪತ್ರಿಕೆಗಳು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗೀತಕ್ಕೆ ಕೇಳುಗರೇ ಪತ್ರಿಕೆ ಮಾಡಿಕೊಂಡರು.

ಅಂಥದೇ ಅಸಡ್ಡೆಯನ್ನು ಉತ್ತರ ಕರ್ನಾಟಕದ ಕಂಪನಿ ನಾಟಕವೂ ಕಂಡಿದೆ. ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ವೃತ್ತಿ ಕಂಪನಿಗಳು ಸಾಲಾಗಿ ತಗಡಿನ ಥೇಟರು ಕಟ್ಟಿ ರಾತ್ರಿಯಿಡೀ ಆಟ ಹಾಕುತ್ತವೆ. ಅವುಗಳ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಇಲ್ಲಿಯದೇ. ಇಷ್ಟು ಜನ ನೋಡುವ ರಂಗಭೂಮಿಯನ್ನು ಕನ್ನಡದ ಸಾಹಿತ್ಯ ಪತ್ರಿಕೆಗಳು ಹತ್ತಿರ ಬಿಟ್ಟುಕೊಂಡದ್ದು ಕಡಿಮೆ. ಆದರೂ ಲಂಡನ್ನಿನಂತೆ ಇಲ್ಲಿ ಅಭಿಮಾನಿ ಪತ್ರಿಕೆಯ ವಾಡಿಕೆ ಬೆಳೆಯಲಿಲ್ಲ. ಮನೆಯಲ್ಲಿ ಕನ್ನಡ ಟೈಪ್‌ರೈಟರ್ ಇರಲಿಲ್ಲ, ಸೈಕ್ಲೋಸ್ಟೈಲ್ ಯಂತ್ರ ಇದ್ದರೆ ಶಾಲೆಯಲ್ಲೋ ಕಚೇರಿಯಲ್ಲೋ. ಇದು ಅರ್ಧ ಕಾರಣ ಮಾತ್ರ.

ಉಳಿದರ್ಧ ಅಭಿಮಾನದ ರೀತಿಯಲ್ಲೇ ಇದೆ. ಕಂಪನಿ ನಾಟಕ ಮೆಚ್ಚಿದವರು ಅದರ ಬಗ್ಗೆ ಬರೆಯಲು ಕೂರಲಿಲ್ಲ, ಊರಿಗೆ ಹೋಗಿ ತಾವೇ ಆಡಿದರು. ಹುನಗುಂದ-ಇಳಕಲ್ಲ ಸೀಮೆಯ ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’, ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಇಂಥ ನಾಟಕಗಳು ಕಂಪನಿಯ ಥೇಟರಿನಿಂದ ಹಳ್ಳಿಯ ಹವ್ಯಾಸಿಗಳ ಕೈಗೆ ಬಂದದ್ದು ಹೀಗೆ. ಎರಡನೆಯದು 1974ರಲ್ಲಿ ರಾಜಕುಮಾರ್ ನಟಿಸಿದ ಸಿನಿಮಾ ಆಯಿತು. ಹಾಡುಗಳನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುವುದು, ಜಾತ್ರೆಯಲ್ಲಿ ಕಂಡ ಖಳನ ನಡಿಗೆ, ಹಾಸ್ಯಗಾರನ ಮಾತಿನ ಧಾಟಿ ಕಲಿಯುವುದು, ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿ ತಾಲೀಮು ನಡೆಸುವುದು, ಸ್ತ್ರೀಪಾತ್ರಕ್ಕೆ ಬೇರೆ ಊರಿಂದ ಕಲಾವಿದೆಯರನ್ನು ಕರೆಸುವುದು: ಒಂದು ಸಂಚಿಕೆ ಹೊರಡಿಸುವುದಕ್ಕಿಂತ ಇದು ಬಹಳ ದುಬಾರಿ ಹವ್ಯಾಸ.

ಈ ಅಭಿಮಾನ ಅಚ್ಚಿಗೆ ಹೋದದ್ದು ಹ್ಯಾಂಡ್‌ಬಿಲ್ಲಿನಲ್ಲಿ. ಹತ್ತಿರದ ಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ, ತೆಳು ಬಣ್ಣದ ಕಾಗದದ ಮೇಲೆ ಒತ್ತಿದ ಒಂದು ಹಾಳೆ. ನೆತ್ತಿಯಲ್ಲಿ ಊರ ದೇವರ ಪ್ರಸನ್ನ, ಕೆಳಗೆ ‘ಅರ್ಥಾತ್’ ಸೇರಿಸಿ ಎರಡೆರಡು ಹೆಸರು ಹೊತ್ತ ನಾಟಕ, ತಿಥಿ, ವಾರ, ತಾರೀಖು, ನಾಟಕಕಾರರು, ಸಾನ್ನಿಧ್ಯ ವಹಿಸುವ ಸ್ವಾಮಿಗಳು. ಪಾತ್ರವರ್ಗದ ಪಟ್ಟಿಯಲ್ಲಿ ಒಕ್ಕಲಿಗನೂ ನೇಕಾರನೂ ಅಂಗಡಿಯವನೂ ತಮ್ಮ ಹೆಸರನ್ನು ಅಚ್ಚಿನಲ್ಲಿ ಕಾಣುತ್ತಿದ್ದರು. ಫೋಟೋಕ್ಕೆ ಬ್ಲಾಕ್ ಮಾಡಿಸುವ ಖರ್ಚು ಬೇರೆ ಇದ್ದುದರಿಂದ ಆ ಮರ್ಯಾದೆ ಹೆಚ್ಚಾಗಿ ಕಲಾವಿದೆಯರಿಗೆ. ವಿಮರ್ಶೆಗೆ ಇಲ್ಲಿ ಜಾಗವಿಲ್ಲ. ಹೊಗಳಿಕೆಯಂತೂ ಧಾರಾಳ, ಆಡುವ ಮೊದಲೇ ಪ್ರತಿ ನಾಟಕವೂ ಕ್ರಾಂತಿಕಾರಿ.

ಫ್ಯಾನ್‌ಜೀನ್‌ಗಳಿಗೆ ಈಗ ಬ್ರಿಟಿಷ್ ಲೈಬ್ರರಿಯಂಥ ಕಡೆ ಜಾಗ ಸಿಕ್ಕಿದೆ. ಹ್ಯಾಂಡ್‌ಬಿಲ್ಲಿಗೆ ಆಟ ಮುಗಿದ ಮರುದಿನ ಬೆಲೆ ಇರುವುದಿಲ್ಲ, ಚುರುಮುರಿ ಕಟ್ಟಲು ಹೋಗುತ್ತದೆ. ಯಾವ ನಾಟಕ ಯಾವ ಊರಲ್ಲಿ ಯಾವ ವರ್ಷ ಆಡಿತು, ಪೇಟಿ ಯಾರು ಹಿಡಿದರು, ತಬಲಾ ಯಾರದು, ಸೀನರಿ ಎಲ್ಲಿಂದ ಬಂತು, ಕಲಾವಿದೆಯರು ಎಷ್ಟು ದೂರದಿಂದ ಬಂದರು ಎಂಬ ವಿವರ ರಂಗಭೂಮಿಯ ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಈ ಹಾಳೆಗಳಲ್ಲಿ ಅದು ತಾರೀಖಿನ ಸಮೇತ ಇದೆ.