ಕಸಕ್ಕೂ ಇರಲಿ ಒಂದು ಪಾಸ್‌ಬುಕ್



“ಬಡವರಿಗೆ ಕಸದ ಬಗ್ಗೆ ಅರಿವಿಲ್ಲ, ಮೊದಲು ಜಾಗೃತಿ ಮೂಡಿಸಬೇಕು” ಎಂಬ ಮಾತನ್ನು ಸಭೆಗಳಲ್ಲಿ ನೀವು ಎಷ್ಟು ಸಲ ಕೇಳಿದ್ದೀರಿ? ಗೋಡೆ ಬರಹ, ಜಾಥಾ, ಪ್ರತಿಜ್ಞೆ ಎಲ್ಲವೂ ಈ ಒಂದು ನಂಬಿಕೆಯ ಮೇಲೆ ನಡೆಯುತ್ತವೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನೀವೂ ಒಪ್ಪುವ ಮೊದಲು ನಿಮ್ಮ ಮನೆ, ಕೊಟ್ಟಿಗೆಯನ್ನು ಒಂದು ಸುತ್ತು ಹಾಕಿ ಬನ್ನಿ.

ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿಗೆ ಹೋಗುತ್ತದೆ. ಹಸು ತಿಂದು ಬಿಟ್ಟ ಕಡ್ಡಿ ಅದರ ಕಾಲಡಿಗೆ, ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಸಗಣಿ ಗೊಬ್ಬರವೂ ಹೌದು, ಬೆರಣಿಯೂ ಹೌದು, ಗೋಬರ್ ಗ್ಯಾಸ್ ಇದ್ದವರಿಗೆ ಒಲೆಯ ಉರಿಯೂ ಹೌದು. ಪಶು ಆಹಾರದ ಚೀಲ ಖಾಲಿಯಾದರೆ ಅದರಲ್ಲಿ ರಾಗಿ ತುಂಬುತ್ತೇವೆ, ಹುಲ್ಲು ಹೊರುತ್ತೇವೆ, ಹರಿದ ಮೇಲೆ ಬಚ್ಚಲ ಮುಂದೆ ಕಾಲೊರಸು ಮಾಡುತ್ತೇವೆ. ಹಳೆ ಸೀರೆ ಕೌದಿಯಾಗುತ್ತದೆ. ಬಾಚುವಾಗ ಉದುರಿದ ಕೂದಲನ್ನೂ ಸುತ್ತಿ ಗೋಡೆಯ ಸಂದಿಯಲ್ಲಿ ಇಟ್ಟು, ಕೂದಲು ಕೊಳ್ಳುವವರು ಬಂದಾಗ ಪಿನ್ನೋ ಪಾತ್ರೆಯೋ ಪಡೆಯುತ್ತೇವೆ. ತಗಡು, ಕಬ್ಬಿಣ, ಬಾಟಲಿ, ಹಳೆ ನೋಟ್‌ಬುಕ್ಕು ಗುಜರಿಗೆ. ಇಷ್ಟೆಲ್ಲ ಮಾಡುವ ಮನೆಗೆ ಕಸದ ಅರಿವಿಲ್ಲ ಎನ್ನುವುದು ಹೇಗೆ? ಕಡಿಮೆ ಆದಾಯದ ಮನೆ ಎಂದರೆ ಯಾವುದನ್ನೂ ಸುಮ್ಮನೆ ಬಿಸಾಡದ ಮನೆ.

ಹಾಗಿದ್ದರೆ ಚರಂಡಿಯಲ್ಲಿ, ಬೇಲಿಯಲ್ಲಿ, ಕೆರೆಯ ಏರಿಯ ಮೇಲೆ ಬಿದ್ದಿರುವ ಕವರುಗಳು ಯಾರವು? ಅವೂ ನಮ್ಮವೇ. ಒಂದೇ ಮನೆ ಕಬ್ಬಿಣದ ಚೂರನ್ನು ಜೋಪಾನ ಮಾಡಿ, ಶಾಂಪೂ ಪೊಟ್ಟಣವನ್ನು ಹಿತ್ತಲಿಗೆ ಎಸೆಯುತ್ತದೆ. ಬುದ್ಧಿ ಎರಡಕ್ಕೂ ಒಂದೇ. ಕಬ್ಬಿಣಕ್ಕೆ ಬಾಗಿಲಿಗೆ ಬರುವ ಕೊಳ್ಳುವವನಿದ್ದಾನೆ, ತಕ್ಕಡಿಯಿದೆ, ಕೈಗೆ ಬರುವ ಕಾಸಿದೆ. ಪೊಟ್ಟಣಕ್ಕೆ ಈ ಮೂರರಲ್ಲಿ ಒಂದೂ ಇಲ್ಲ. ತೆಳು ಕವರು ಒಂದು ಕಿಲೋ ಆಗಬೇಕಾದರೆ ನೂರಾರು ಕೂಡಿಸಬೇಕು. ಶಾಂಪೂ, ಗುಟ್ಕಾ, ಚಿಪ್ಸ್ ಪೊಟ್ಟಣಗಳಲ್ಲಿ ಬೇರೆ ಬೇರೆ ವಸ್ತುಗಳ ಪದರಗಳು ಅಂಟಿಕೊಂಡಿರುವುದರಿಂದ ಅವನ್ನು ಕರಗಿಸಿ ಹೊಸ ಸಾಮಾನು ಮಾಡುವುದು ಕಷ್ಟ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ. ಗುಜರಿಯವರು ಅವನ್ನು ಮುಟ್ಟದಿರುವುದಕ್ಕೆ ಇದೇ ಕಾರಣ.

ಕೊಳ್ಳುವವರಿಲ್ಲದ ಕವರು ಹಸುವಿನ ಹೊಟ್ಟೆಗೆ

ಗುಜರಿಗೆ ಹೋಗದ ಕವರು ಎಲ್ಲಿಗೆ ಹೋಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮಿಕ್ಕ ಊಟವನ್ನು ಕವರಿಗೆ ತುಂಬಿ ಗಂಟು ಹಾಕಿ ಎಸೆದರೆ, ಹಸುವಿಗೆ ಬಿಚ್ಚಲು ಕೈಯಿಲ್ಲ. ವಾಸನೆ ಹಿಡಿದು ಕವರಿನ ಸಮೇತ ನುಂಗುತ್ತದೆ. ಒಳಗೆ ಹೋದ ಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ. ದೊಡ್ಡ ಹೊಟ್ಟೆಯಲ್ಲಿ ದಿನದಿನಕ್ಕೆ ಸೇರಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಮೇವು ಕಡಿಮೆಯಾಗುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಆಗಾಗ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಔಷಧಿ ಕುಡಿಸಿದರೆ ಅದು ಕರಗದು, ಹೊಟ್ಟೆ ಕೊಯ್ದೇ ತೆಗೆಯಬೇಕು. ಕಸದ ಜೊತೆ ತಂತಿಯೋ ಮೊಳೆಯೋ ಹೋದರೆ ಇನ್ನೂ ಅಪಾಯ. ಅದು ಎರಡನೆಯ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು.

ಮನೆಯ ಸಾಲ, ಮಕ್ಕಳ ಶುಲ್ಕ, ದಿನಸಿ ಎಲ್ಲವೂ ಹಾಲಿನ ಬಟವಾಡೆಯನ್ನೇ ನಂಬಿರುವಾಗ, ಒಂದು ಹಸು ಮಲಗಿದರೆ ಮನೆಯೇ ಮಲಗಿದಂತೆ. ಪೇಟೆಯವರಿಗೆ ಪ್ಲಾಸ್ಟಿಕ್ ಎಂದರೆ ಪರಿಸರದ ಮಾತು. ನಮಗೆ ಅದು ಹಾಲಿನ ಲೆಕ್ಕದ ಮಾತು. ಕಸ ಬೇರ್ಪಡಿಸಲು ನಮಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಆದರೆ ಕಾರಣವೊಂದೇ ಸಾಲದು. ನನ್ನ ಕವರನ್ನು ನಾನು ಎತ್ತಿಟ್ಟರೂ ಪಕ್ಕದ ಮನೆಯ ಕವರನ್ನು ನನ್ನ ಹಸು ತಿನ್ನಬಹುದು. ಊರೆಲ್ಲ ಸೇರಿ ಮಾಡಬೇಕಾದ ಕೆಲಸಕ್ಕೆ ಒಂದು ವ್ಯವಸ್ಥೆ ಬೇಕು.

ಬೆಲೆ ಕಟ್ಟಿದವರು

ಬ್ರೆಜಿಲ್ ದೇಶದಲ್ಲಿ ಕುರಿಟಿಬಾ ಎಂಬ ನಗರವಿದೆ. ಅಲ್ಲಿನ ಬಡವರ ಕೇರಿಗಳ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಕಸದ ಲಾರಿ ಒಳಗೆ ಹೋಗುತ್ತಿರಲಿಲ್ಲ. 1989ರಲ್ಲಿ ಅಲ್ಲಿನ ನಗರಾಡಳಿತ ಜನರಿಗೆ ದಂಡ ಹಾಕಲಿಲ್ಲ. ಕಸದ ಚೀಲವನ್ನು ಲಾರಿ ನಿಲ್ಲುವಲ್ಲಿಗೆ ತಂದವರಿಗೆ ಬಸ್ ಟಿಕೆಟ್ ಕೊಟ್ಟಿತು. 1991ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು: ಬೇರ್ಪಡಿಸಿದ ಒಣ ಕಸ 4 ಕಿಲೋ ತಂದರೆ 1 ಕಿಲೋ ಹಣ್ಣು ತರಕಾರಿ. ಆ ತರಕಾರಿಯನ್ನು ತಂದದ್ದು ಸುತ್ತಮುತ್ತಲ ಸಣ್ಣ ರೈತರಿಂದ. ಬೆಳೆ ಹೆಚ್ಚಾಗಿ ಮಾರಾಟವಾಗದೆ ಉಳಿದದ್ದನ್ನು ನಗರಾಡಳಿತವೇ ಕೊಂಡುಕೊಂಡಿತು. ಕೇರಿ ಶುಚಿಯಾಯಿತು, ಬಡವರ ಅಡುಗೆಮನೆಗೆ ತರಕಾರಿ ಬಂತು, ರೈತರಿಗೆ ಗಿರಾಕಿ ಸಿಕ್ಕಿತು. ಇದನ್ನು ಮಾಡಿದ್ದು ಭಾಷಣವಲ್ಲ, ವಿನಿಮಯ.

ಅಷ್ಟು ದೂರ ಯಾಕೆ, ನಮ್ಮ ಚಾಮರಾಜನಗರದ ಗಡಿ ದಾಟಿದರೆ ಸಿಗುವ ನೀಲಗಿರಿಯನ್ನು ನೋಡಿ. ಎಸೆದ ಮದ್ಯದ ಬಾಟಲಿಗಳ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರಲ್ಲಿ ಅಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಅದನ್ನು ಹಿಂದಿರುಗಿಸುವ ಪದ್ಧತಿ ಶುರುವಾಯಿತು. ಎಸೆದ ಬಾಟಲಿಗೆ 10 ರೂಪಾಯಿ ಬೆಲೆ ಬಂದರೆ, ಕುಡಿದವನು ಬಿಟ್ಟರೂ ಅದನ್ನು ಎತ್ತಿಕೊಳ್ಳಲು ಇನ್ನೊಬ್ಬರು ಇದ್ದೇ ಇರುತ್ತಾರೆ.

“ಎಲ್ಲದಕ್ಕೂ ದುಡ್ಡು ಕೊಟ್ಟರೆ ಜನ ದುಡ್ಡಿಗಷ್ಟೇ ಕೆಲಸ ಮಾಡುತ್ತಾರೆ” ಎಂದು ಕೆಲವರು ಹೇಳುತ್ತಾರೆ. ಈ ಆಕ್ಷೇಪವನ್ನು ಬಡವರ ವಿಷಯದಲ್ಲಿ ಮಾತ್ರ ಎತ್ತುವುದೇಕೆ? ಕಸ ಬೇರ್ಪಡಿಸುವುದೂ ಕೆಲಸವೇ. ತೊಳೆಯಬೇಕು, ಒಣಗಿಸಬೇಕು, ಇಲಿ ಹೆಗ್ಗಣ ಬಾರದಂತೆ ಇಡಬೇಕು. ಒಂದೂವರೆ ಕೋಣೆಯ ಮನೆಯಲ್ಲಿ ಮೂರು ಬಣ್ಣದ ಬುಟ್ಟಿ ಇಡಲು ಜಾಗವೆಲ್ಲಿದೆ? ಬೆಳಗಿನ ಜಾವ ಎದ್ದು ಹಾಲು ಕರೆದು, ಕೊಟ್ಟಿಗೆ ಬಳಿದು, ಅಡುಗೆ ಮಾಡಿ ಕೂಲಿಗೆ ಹೋಗುವವಳಿಗೆ ಬಿಡುವೆಲ್ಲಿದೆ? ಅವಳ ಜಾಗ, ಅವಳ ಸಮಯ ಎರಡನ್ನೂ ಪುಕ್ಕಟೆಯಾಗಿ ಕೇಳಿ, ಕೊಡದಿದ್ದಾಗ ಅರಿವಿಲ್ಲದವಳು ಎನ್ನುವುದು ನ್ಯಾಯವಲ್ಲ.

ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ, ನಂಬಿಕೆ. ನೀವು ಹಸಿ ಕಸ, ಒಣ ಕಸ ಎಂದು ಬೇರೆ ಮಾಡಿ ಕೊಟ್ಟದ್ದನ್ನು ಕಣ್ಣೆದುರೇ ಒಂದೇ ಟ್ರ್ಯಾಕ್ಟರಿಗೆ ಸುರಿದುಕೊಂಡು ಹೋದರೆ, ಮಾರನೆಯ ದಿನ ಬೇರೆ ಮಾಡುವ ಮನಸ್ಸು ಯಾರಿಗಿರುತ್ತದೆ? ಇವತ್ತು ಬಂದ ಗಾಡಿ ಮತ್ತೆ ಯಾವಾಗ ಬರುತ್ತದೋ ತಿಳಿಯದಿದ್ದರೆ, ಕೂಡಿಟ್ಟದ್ದು ನೀರೊಲೆಗೇ ಹೋಗುತ್ತದೆ. ಆ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕೂತವಳ ಎದೆಯನ್ನು, ಪಕ್ಕದಲ್ಲಿ ಚಳಿ ಕಾಯಿಸುವ ಮಗುವಿನ ಎದೆಯನ್ನು.

ಉತ್ತರ ನಮ್ಮ ಸಂಘದಲ್ಲೇ ಇದೆ

ಬೆಲೆ, ತೂಕ, ನಂಬಿಕೆ. ಈ ಮೂರೂ ಸೇರಿದರೆ ಏನಾಗುತ್ತದೆಂದು ಹೈನುಗಾರ ಮಹಿಳೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಸಂಘ ಇಲ್ಲದ ಊರಿನಲ್ಲಿ ಹಾಲು ಮಾರುವುದು ಹೇಗಿರುತ್ತದೆಂದು ಹಿರಿಯರನ್ನು ಕೇಳಿ. ದಲ್ಲಾಳಿ ಅಳೆದದ್ದೇ ಅಳತೆ, ಕೊಟ್ಟದ್ದೇ ಬೆಲೆ. ಸಂಘ ಬಂದ ಮೇಲೆ ಅರ್ಧ ಲೀಟರ್ ತಂದವಳಿಗೂ ಅಳತೆ ಉಂಟು, ಜಿಡ್ಡಿನ ಪರೀಕ್ಷೆ ಉಂಟು, ಚೀಟಿ ಉಂಟು, ಗೊತ್ತಾದ ದಿನ ಬಟವಾಡೆ ಉಂಟು. ಬೆಳಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಹಾಲು ತನ್ನಿ ಎಂದು ನಮಗೆ ಯಾರೂ ಜಾಥಾ ಮಾಡಿ ಹೇಳಲಿಲ್ಲ. ವ್ಯವಸ್ಥೆ ಸರಿಯಿತ್ತು, ನಾವು ಬಂದೆವು. ಸರ್ಕಾರ ಲೀಟರಿಗೆ ಪ್ರೋತ್ಸಾಹಧನ ಕೊಡುವಾಗಲೂ, ರೈತರ ಅಭ್ಯಾಸ ಕೆಡುತ್ತದೆ ಎಂದು ಯಾರೂ ಹೇಳಲಿಲ್ಲ.

ಒಣ ಕಸಕ್ಕೂ ಅದೇ ದಾರಿ ಯಾಕಾಗಬಾರದು? ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಈಗ ಕಸದ ಗಾಡಿ ‘ಸ್ವಚ್ಛ ವಾಹಿನಿ’ ಓಡುತ್ತಿದೆ, ಒಣ ಕಸ ಬೇರ್ಪಡಿಸುವ ಘಟಕವಿದೆ. ಅದನ್ನು ನಡೆಸುವುದು ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು. ಎಷ್ಟೋ ಕಡೆ ಗಾಡಿ ಓಡಿಸುವವರೂ ಅವರೇ. ಅವರ ಕಷ್ಟವೂ ಸಣ್ಣದಲ್ಲ. ಬೆಲೆ ಬಾಳುವ ಕಬ್ಬಿಣ, ಬಾಟಲಿ, ರಟ್ಟು ಮನೆಯಿಂದ ನೇರ ಗುಜರಿಗೆ ಹೋಗುತ್ತದೆ. ಘಟಕಕ್ಕೆ ಬರುವುದು ಯಾರೂ ಕೊಳ್ಳದ ಕವರು, ಪೊಟ್ಟಣ. ಮನೆಯವರಿಂದ ತಿಂಗಳ ಶುಲ್ಕ ಕೇಳಿದರೆ, “ಗುಜರಿಯವನು ನನಗೆ ದುಡ್ಡು ಕೊಡುತ್ತಾನೆ, ನಿಮಗೆ ನಾನೇ ಕೊಡಬೇಕಾ?” ಎಂಬ ಪ್ರಶ್ನೆ ಬರುತ್ತದೆ. ಕೇಳುವವಳದ್ದು ತಪ್ಪಲ್ಲ. ದುಡಿಯುವವಳದ್ದೂ ತಪ್ಪಲ್ಲ. ಲೆಕ್ಕ ಹಾಕಿದ ರೀತಿ ಸರಿಯಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿ. ತಿಂಗಳಿಗೊಂದು ದಿನ ಗೊತ್ತುಮಾಡಿ, ಪಂಚಾಯಿತಿಯ ಗಾಡಿ ಸಂಘದ ಹತ್ತಿರಕ್ಕೆ ಬರಲಿ. ಹಾಲು ಹಾಕುವ ಹೊತ್ತಿನಲ್ಲಿ ಬೇಡ, ಹಾಲು ಅಳೆಯುವ ಕಟ್ಟೆಯ ಹತ್ತಿರವೂ ಬೇಡ. ಹಾಲಿನ ಶುಚಿ ಮೊದಲು. ತಂದ ಒಣ ಕಸವನ್ನು ಎಲ್ಲರೆದುರು ತೂಗಿ, ಪ್ರತಿ ಮನೆಯ ಹೆಸರಿನ ಪುಸ್ತಕದಲ್ಲಿ ಬರೆಯಲಿ. ಬಾಟಲಿ, ರಟ್ಟು, ಹಾಲಿನ ಪೊಟ್ಟಣಕ್ಕೆ ಗುಜರಿಯ ದರವನ್ನೇ ಕಟ್ಟಲಿ. ಬಂದ ಮೊತ್ತದಲ್ಲಿ ಪಂಚಾಯಿತಿಯ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಮನೆಯವಳ ಖಾತೆಗೆ ಹಾಕಲಿ. ಮೊತ್ತ ಸಣ್ಣದಿರಬಹುದು. ಆದರೆ ತೂಕ ಕಣ್ಣಿಗೆ ಕಾಣುತ್ತದೆ, ಲೆಕ್ಕ ಕೈಯಲ್ಲಿರುತ್ತದೆ, ಘಟಕದ ಹೆಣ್ಣುಮಕ್ಕಳಿಗೂ ಮಾರಲು ಬೆಲೆಯ ಸಾಮಾನು ಸಿಗುತ್ತದೆ.

ಯಾರೂ ಕೊಳ್ಳದ ತೆಳು ಪ್ಲಾಸ್ಟಿಕ್‌ಗೆ ದುಡ್ಡು ಯಾರು ಕೊಡಬೇಕು? ಅದನ್ನು ಮಾಡಿ ಮಾರಿದವರು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವುದೂ ಇದನ್ನೇ: ಪ್ಲಾಸ್ಟಿಕ್‌ನಲ್ಲಿ ಸಾಮಾನು ತುಂಬಿ ಮಾರುವ ಕಂಪನಿಗೆ ಆ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಪಡೆಯುವ ಹೊಣೆಯಿದೆ. ಈ ಹೊಣೆಯಿಂದ ಹಾಲಿನ ಪೊಟ್ಟಣವೂ ಹೊರಗಿಲ್ಲ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ತಂದಾಗ, ಹಾಲಿನ ಖಾಲಿ ಪೊಟ್ಟಣಕ್ಕೆ 50 ಪೈಸೆ ವಾಪಸು ಕೊಡಬೇಕೆಂದು ಆದೇಶದಲ್ಲೇ ಬರೆದಿತ್ತು. ಆದೇಶ ಬರೆದಷ್ಟು ಸುಲಭವಾಗಿ ಜಾರಿಯಾಗಲಿಲ್ಲ, ಪೊಟ್ಟಣ ವಾಪಸು ಸಂಗ್ರಹಿಸುವ ಜಾಲವನ್ನು ಊರೂರಿನಲ್ಲಿ ಕಟ್ಟುವುದೇ ಕಷ್ಟವಾಯಿತು. ಆದರೆ ಹಾಲು ಸಹಕಾರಿಗಳಿಗೆ ಹಳ್ಳಿಹಳ್ಳಿಗೂ ಸಂಘವಿದೆ, ಪೇಟೆಯ ಬೀದಿಬೀದಿಗೂ ಮಾರಾಟ ಕೇಂದ್ರವಿದೆ, ನಿತ್ಯ ಓಡುವ ವಾಹನವಿದೆ. ಇಂಥ ಜಾಲ ಬೇರೆ ಯಾರಿಗಿದೆ? ಈ ಒಕ್ಕೂಟ ನಮ್ಮದು, ಅದರ ಪೊಟ್ಟಣವೂ ನಮ್ಮದು. ವಾಪಸು ಪಡೆಯುವ ಕೆಲಸ ನಮ್ಮಿಂದ ಶುರುವಾಗಲಿ ಎಂದು ಆಡಳಿತ ಮಂಡಳಿಯನ್ನು ಕೇಳುವ ಹಕ್ಕು ಸದಸ್ಯೆಯಾದ ನಿಮಗೆ ಇದೆ.

ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಒಂದು ಹಳೆ ಪಶು ಆಹಾರದ ಚೀಲವನ್ನು ಹಸುವಿನ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ತೂಗುಹಾಕಿ. ಖನಿಜ ಮಿಶ್ರಣದ ಪೊಟ್ಟಣ, ಎಣ್ಣೆ ಕವರು, ಅಂಗಡಿ ಚೀಲ ಎಲ್ಲ ಅದಕ್ಕೇ ಬೀಳಲಿ. ಇಂಜೆಕ್ಷನ್ ಸೂಜಿ, ಗಾಜಿನ ಸೀಸೆ, ಗರ್ಭಧಾರಣೆ ಮಾಡಿಸಿದಾಗ ಬಳಸಿದ ಕೈಗವಸು ಅದರಲ್ಲಿ ಬೇಡ. ಅವನ್ನು ತಿಪ್ಪೆಗೂ ಎಸೆಯದೆ, ಬಂದವರೇ ವಾಪಸು ಒಯ್ಯಲಿ ಎಂದು ಕೇಳಿ. ಹಾಲು, ಮೊಸರಿನ ಪೊಟ್ಟಣದ ತುದಿಯನ್ನು ಪೂರ್ತಿ ಕತ್ತರಿಸಬೇಡಿ. ಅಂಟಿಕೊಂಡೇ ಇದ್ದರೆ ಆ ಚೂರು ಮೇವಿಗೆ ಸೇರುವುದಿಲ್ಲ. ಊಟವನ್ನು ಕವರಿನಲ್ಲಿ ಗಂಟು ಕಟ್ಟಿ ಎಸೆಯುವುದನ್ನು ಮನೆಯಲ್ಲಿ ಯಾರು ಮಾಡಿದರೂ ತಡೆಯಿರಿ.

ಒಂದು ಎಚ್ಚರಿಕೆ. ಇದೂ ಹೆಂಗಸರ ತಲೆಯ ಮೇಲೆ ಬೀಳುವ ಇನ್ನೊಂದು ಸಂಬಳವಿಲ್ಲದ ಕೆಲಸ ಆಗಬಾರದು. ಬೇರ್ಪಡಿಸುವವಳು ಒಬ್ಬಳು, ಕಾಸು ಎಣಿಸುವವನು ಇನ್ನೊಬ್ಬ ಆಗಬಾರದು. ಚೀಲವನ್ನು ಗಾಡಿಗೆ ಹೊತ್ತು ಕೊಡುವ ಕೆಲಸ ಮಗನದೋ ಗಂಡನದೋ ಆಗಲಿ, ಪುಸ್ತಕ ನಿಮ್ಮ ಹೆಸರಿನಲ್ಲಿರಲಿ.

ಸಭೆಯ ನೋಟಿಸು ಬಂದಾಗ ಕಾರ್ಯಸೂಚಿ ಓದಿ. ಇದು ಅದರಲ್ಲಿ ಇಲ್ಲದಿದ್ದರೆ, ಸೇರಿಸಿ ಎಂದು ಕಾರ್ಯದರ್ಶಿಗೆ ಒಂದು ಅರ್ಜಿ ಬರೆದುಕೊಡಿ. ಒಬ್ಬರೇ ಬರೆಯಬೇಡಿ, ಹತ್ತು ಜನ ಸಹಿ ಹಾಕಿ.