ಬಾಯಿ ಕಟ್ಟಿದವರ ನೋವು

‘ಸ್ವಲ್ಪ ತಡೆದುಕೊಳ್ಳಿ’ ಎಂಬುದು ನಮ್ಮ ಆಸ್ಪತ್ರೆಗಳ ನಿತ್ಯಮಂತ್ರ. ತೀವ್ರ ನಿಗಾ ಘಟಕದಲ್ಲಿ ಆ ಮಂತ್ರವೂ ಬೇಕಾಗಿಲ್ಲ. ಅಲ್ಲಿ ರೋಗಿಯ ಗಂಟಲಿನಲ್ಲಿ ಉಸಿರಾಟದ ಕೊಳವೆ. ಕೈಗಳನ್ನು ಮಂಚಕ್ಕೆ ಕಟ್ಟಿರುವುದೂ ಉಂಟು. ಅತ್ತರೆ ತಾನೆ ತಾಯಿಯೂ ಹಾಲು ಕೊಡುವುದು? ಅಳಲೂ ಆಗದವನ ಗತಿಯೇನು?

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಜೀವ ಉಳಿಸುವವರ ಶ್ರಮವನ್ನು ಹಳಿಯುವುದು ನನ್ನ ಉದ್ದೇಶವೂ ಅಲ್ಲ. ಆದರೆ ಆ ಕೋಣೆಯ ನೋವೆಲ್ಲ ರೋಗದ್ದೇ ಎಂಬ ನಂಬಿಕೆ ಮಾತ್ರ ಸುಳ್ಳು. 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆರು ಬಗೆಯ ಉಪಚಾರಗಳನ್ನು ಹೋಲಿಸಿ ನೋಡಿದರು. ವಯಸ್ಕರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಯಾವುದು? ಹಾಸಿಗೆಯಲ್ಲಿ ಮಗ್ಗುಲು ಹೊರಳಿಸಿದ್ದು! 2014ರಲ್ಲಿ 28 ದೇಶಗಳ ಅಧ್ಯಯನ ಎದೆಯ ಕೊಳವೆಯನ್ನು ಎಳೆದು ತೆಗೆಯುವುದನ್ನು ಮುಂದಿಟ್ಟಿತು. ಇದರ ಮೇಲೆ ಇರುಳೆಲ್ಲ ಉರಿಯುವ ದೀಪ, ಕೂಗುವ ಯಂತ್ರ. ನಿದ್ದೆಗೆಟ್ಟ ದೇಹಕ್ಕೆ ನೋವು ಇಮ್ಮಡಿ.

ಮಗ್ಗುಲು ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ನಿಜ. ಹೊರಳಿಸಬೇಡಿರೆಂದು ಯಾರು ಹೇಳಿದರು? ಮೊದಲು ಮದ್ದು ಕೊಟ್ಟು, ಅದು ಹಿಡಿಯುವವರೆಗೆ ಕಾದು, ಆಮೇಲೆ ಹೊರಳಿಸಿ ಎಂಬುದಷ್ಟೇ ನನ್ನ ವಾದ.

‘ಮಾತಿಲ್ಲದವನ ನೋವು ತಿಳಿಯುವುದು ಹೇಗೆ?’ ಎನ್ನುವವರುಂಟು. ಮಾತಾಡಲಾರದವನಿಗೆ ನೋವಿಲ್ಲವೆಂದು ಎಣಿಸಕೂಡದೆಂದು ನೋವಿನ ಅಂತರರಾಷ್ಟ್ರೀಯ ಅಧ್ಯಯನ ಸಂಘ 2020ರ ತನ್ನ ವ್ಯಾಖ್ಯೆಯ ಜೊತೆಗೇ ಸ್ಪಷ್ಟಪಡಿಸಿದೆ. ಮುಖದ ಬಿಗಿತ, ಮೈಯ ಚಲನೆ, ಸ್ನಾಯುಗಳ ಸೆಡೆತ, ಉಸಿರಾಟದ ಯಂತ್ರದೊಡನೆ ಹೊಂದಿಕೆ, ಈ ನಾಲ್ಕನ್ನು ನೋಡಿ ನೋವನ್ನು ಅಳೆಯುವ ಕ್ರಮ 2006ರಿಂದಲೂ ಇದೆ. ಅದಕ್ಕೆ ಯಂತ್ರ ಬೇಡ, ಕಣ್ಣು ಸಾಕು.

ಎಚ್ಚರವಿರುವವರನ್ನಾದರೂ ಕೇಳುತ್ತೇವೆಯೆ? ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಹಳ್ಳಿಯ ಮುದುಕಿ ಏನು ಹೇಳಿಯಾಳು? ಉರಿ, ಸೆಳೆತ, ಸಿಡಿತ, ಚುಚ್ಚು, ಹಿಂಡು—ನಮ್ಮ ನುಡಿಯಲ್ಲಿ ನೋವಿಗೆ ಬಡತನವಿಲ್ಲ. ಈ ಮಾತುಗಳನ್ನೂ ಒಂದು ದೇಹದ ಚಿತ್ರವನ್ನೂ ಬರೆದ ಹಲಗೆಯೊಂದು ಮಂಚದ ಬಳಿ ಇದ್ದರೆ, ಓದಬಲ್ಲವರು ಮಾತಿಗೂ ಓದಲಾರದವರು ಚಿತ್ರಕ್ಕೂ ಬೆರಳಿಟ್ಟು ತೋರಿಸಿಯಾರು.

ನಾಡಿ, ರಕ್ತದೊತ್ತಡಗಳನ್ನು ಬರೆಯುವ ಹಾಳೆಯಲ್ಲಿ ನೋವಿಗೂ ಒಂದು ಸಾಲಿರಲಿ. ಹತ್ತಿಯ ಉಂಡೆಗೂ ಬಿಲ್ಲು ಬರೆಯುವ ಕಡೆ ಇದು ಅತಿಯಾಸೆಯಲ್ಲ. ಅಲ್ಲಿಯವರೆಗೆ, ವಾಚಕರೇ, ನಿಮ್ಮವರು ಅಲ್ಲಿ ಮಲಗಿದ್ದರೆ ಸಂಕೋಚ ಬಿಟ್ಟು ಕೇಳಿರಿ: ‘ಹೊರಳಿಸುವ ಮೊದಲು ನೋವಿನ ಮದ್ದು ಕೊಟ್ಟಿರಾ?’