ಬಿಡಿಸುವುದೂ ಕಡಿಯುವುದೂ

ಕ್ರಿ.ಪೂ. 333ರಲ್ಲಿ ಅಲೆಕ್ಸಾಂಡರನು ಇಂದಿನ ತುರ್ಕಿ ದೇಶದಲ್ಲಿರುವ ಗಾರ್ಡಿಯಂ ಎಂಬ ಪಟ್ಟಣಕ್ಕೆ ಬಂದನು. ಅಲ್ಲಿ ಒಂದು ಹಳೆಯ ಬಂಡಿಯಿತ್ತು. ಅದರ ನೊಗವನ್ನು ಮೂಕಿಗೆ ಬಿಗಿದಿದ್ದ ನಾರಿನ ಗಂಟಿಗೆ ತುದಿಮೊದಲೇ ಕಾಣುತ್ತಿರಲಿಲ್ಲ. ಅದನ್ನು ಬಿಡಿಸಿದವನು ಏಷ್ಯಾವನ್ನು ಆಳುವನೆಂಬ ನಂಬಿಕೆ ಆ ನಾಡಿನಲ್ಲಿತ್ತು. ಅಲೆಕ್ಸಾಂಡರನು ಕತ್ತಿಯನ್ನು ಹಿರಿದು ಗಂಟನ್ನು ಕಡಿದನೆಂಬುದು ಲೋಕಪ್ರಸಿದ್ಧವಾದ ಕಥೆ. ಆದರೆ ದಂಡಯಾತ್ರೆಯಲ್ಲಿ ಅವನ ಜೊತೆಗಿದ್ದ ಅರಿಸ್ಟೊಬ್ಯುಲಸನು ಬೇರೊಂದು ಬಗೆಯಾಗಿ ಹೇಳಿದ್ದಾನೆ. ಮೂಕಿಗೆ ತೂರಿಸಿದ್ದ ಗೂಟವೊಂದು ಆ ಗಂಟನ್ನು ಹಿಡಿದಿಟ್ಟಿತ್ತು. ಅರಸನು ಆ ಗೂಟವನ್ನು ಕಿತ್ತು ನೊಗವನ್ನು ಬೇರ್ಪಡಿಸಿದನಂತೆ. ಹಲವು ಶತಮಾನಗಳ ಅನಂತರ ಈ ವೃತ್ತಾಂತವನ್ನು ಬರೆದ ಆರಿಯನ್ ಎಂಬ ಇತಿಹಾಸಕಾರನು ಎರಡು ಕಥೆಗಳನ್ನೂ ದಾಖಲಿಸಿ, ಯಾವುದು ನಿಜವೆಂದು ಖಚಿತವಾಗಿ ಹೇಳಲಾಗದೆಂದು ಒಪ್ಪಿಕೊಂಡಿದ್ದಾನೆ. ಅಂಥ ಪ್ರಾಮಾಣಿಕತೆ ಇತಿಹಾಸಕಾರರಲ್ಲಿ ಅಪರೂಪ.

ಗಂಟು ಉಳಿಯಲಿಲ್ಲ ಎಂಬ ವಿಷಯದಲ್ಲಿ ಎರಡು ಕಥೆಗಳಿಗೂ ಭೇದವಿಲ್ಲ. ಭೇದವಿರುವುದು ಕ್ರಿಯಾಪದದಲ್ಲಿ, ಒಂದರಲ್ಲಿ ಕಡಿದನು, ಇನ್ನೊಂದರಲ್ಲಿ ಬಿಡಿಸಿದನು.

ಇಂಗ್ಲಿಷ್ ಭಾಷೆಯ ‘ರಿಸಾಲ್ವ್’ ಎಂಬ ಕ್ರಿಯಾಪದಕ್ಕೆ ಅರ್ಥ ಹುಡುಕುತ್ತ ನಿಘಂಟನ್ನು ತೆರೆದ ವಿದ್ಯಾರ್ಥಿಗೆ ಬಿಡಿಸು, ಪರಿಹರಿಸು, ಬಗೆಹರಿಸು, ತೀರ್ಮಾನಿಸು, ನಿಶ್ಚಯಿಸು ಎಂಬ ಪದಗಳು ಒಂದೇ ಸಾಲಿನಲ್ಲಿ ದೊರೆಯುತ್ತವೆ. ನಡುವೆ ಇರುವುದು ಅಲ್ಪವಿರಾಮ ಮಾತ್ರ. ಎಳೆಯ ಕಣ್ಣಿಗೆ ಆ ಅಲ್ಪವಿರಾಮವು ಗಣಿತದ ಸಮಚಿಹ್ನೆಯಂತೆ ತೋರುವುದು ಸಹಜ. ನಿಘಂಟುಕಾರನ ಉದ್ದೇಶ ಅದಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು 1852ರಲ್ಲಿ ಇಂಗ್ಲಿಷಿನ ಪದಗಳನ್ನು ಅರ್ಥಾನುಸಾರವಾಗಿ ಗುಂಪುಗೂಡಿಸಿ ಪ್ರಸಿದ್ಧವಾದ ಕೋಶವೊಂದನ್ನು ಪ್ರಕಟಿಸಿದನು. ಅವನು ಪದಗಳನ್ನು ನೆರೆಹೊರೆಯವರನ್ನಾಗಿ ಮಾಡಿದನೇ ಹೊರತು ಅವಳಿಗಳನ್ನಾಗಿ ಮಾಡಲಿಲ್ಲ.

‘ರಿಸಾಲ್ವ್’ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಸಾಲ್ವೆರೆ’ ಎಂದರೆ ಸಡಿಲಿಸು, ಕಟ್ಟು ಬಿಚ್ಚು ಎಂದರ್ಥ. ಲೆಕ್ಕವನ್ನು ಬಿಡಿಸುವ ‘ಸಾಲ್ವ್’ ಇದರ ಒಡಹುಟ್ಟು. ಸಾಲದ ಕಟ್ಟನ್ನು ಬಿಚ್ಚಿಕೊಳ್ಳಬಲ್ಲವನೇ ‘ಸಾಲ್ವೆಂಟ್’. ಆ ಶಕ್ತಿಯಿಲ್ಲದವನು ದಿವಾಳಿಗಾರ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ‘ರಿಸಾಲ್ವ್’ ಪದವು ಕರಗಿಹೋಗು ಎಂಬ ಹಳೆಯ ಅರ್ಥದಲ್ಲಿ ಬಂದಿದೆ. ಭೌತಶಾಸ್ತ್ರದಲ್ಲಿ ಒಂದು ಬಲವನ್ನು ಎರಡು ದಿಕ್ಕುಗಳ ಘಟಕಗಳಾಗಿ ಬಿಡಿಸುವುದಕ್ಕೂ ಇದೇ ಪದ. ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣುವ ಜೋಡಿನಕ್ಷತ್ರವನ್ನು ದೂರದರ್ಶಕವು ಎರಡಾಗಿ ಬೇರ್ಪಡಿಸಿ ತೋರಿಸುವುದಕ್ಕೂ ಇದೇ ಪದ. ಬಿಚ್ಚಿ ನೋಡಿದಾಗ ಸಂದೇಹ ಹೋಗುತ್ತದೆ. ಸಂದೇಹ ಹೋದಾಗ ಮನಸ್ಸು ಗಟ್ಟಿಯಾಗುತ್ತದೆ. ಸಡಿಲಿಸು ಎಂಬ ಅರ್ಥದಿಂದ ಹೊರಟ ಪದವು ದೃಢವಾಗಿ ನಿಶ್ಚಯಿಸು ಎಂಬಲ್ಲಿಗೆ ಬಂದು ನಿಂತದ್ದು ಹೀಗೆ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಸಮಿತಿಯು ಅಂಗೀಕರಿಸಿದ ‘ಭಾರತ ಬಿಟ್ಟು ತೊಲಗಿ’ ಠರಾವಿಗೂ ಇಂಗ್ಲಿಷಿನಲ್ಲಿ ‘ರೆಸಲ್ಯೂಷನ್’ ಎಂದೇ ಹೆಸರು.

ಇದರ ನೆರೆಯ ಪದಗಳ ಮೂಲವನ್ನು ಕೆದಕಿದರೆ ಬೇರೆ ಬೇರೆ ಚಿತ್ರಗಳು ಕಾಣುತ್ತವೆ. ‘ಡಿಸೈಡ್’ ಪದದೊಳಗೆ ಕತ್ತರಿಸುವ ಕ್ರಿಯೆ ಅಡಗಿದೆ. ‘ಫಿಕ್ಸ್’ ಎಂಬುದು ಅಲುಗದಂತೆ ನಾಟುವುದು. ‘ಸೆಟಲ್’ ಆಸನಕ್ಕೆ ಸಂಬಂಧಿಸಿದ ಪದ. ಎದ್ದು ಕೂಗಾಡುವವರನ್ನು ಕುಳ್ಳಿರಿಸುವುದು, ಕದಡಿದ ನೀರನ್ನು ತಿಳಿಯಾಗಲು ಬಿಡುವುದು ಅದರ ಗುಣ.

ಕನ್ನಡದ ಪದಗಳಲ್ಲಿಯೂ ಇಂಥ ಚಿತ್ರಗಳಿಗೆ ಕೊರತೆಯಿಲ್ಲ. ಕನ್ನಡಿಗರು ಒಗಟನ್ನು ಬಿಡಿಸುತ್ತಾರೆ, ಲೆಕ್ಕವನ್ನು ಬಿಡಿಸುತ್ತಾರೆ, ಹಲಸಿನ ಹಣ್ಣನ್ನೂ ಬಿಡಿಸುತ್ತಾರೆ. ಒಳಗಿರುವುದು ಹೊರಬಂದರೆ ಆ ಕೆಲಸ ಮುಗಿಯಿತು. ತೀರ್ಪು, ತೀರ್ಮಾನಗಳಲ್ಲಿರುವುದು ‘ತೀರು’, ಎಂದರೆ ಮುಗಿಯುವುದು. ಅರಬ್ಬಿಯಿಂದ ಬಂದ ‘ರಾಜಿ’ಯಲ್ಲಿ ಸಮ್ಮತಿಯ ಭಾವವಿದೆ. ‘ಬಗೆಹರಿ’ ಎಂಬ ಪದದಲ್ಲಂತೂ ‘ಬಗೆ’, ಎಂದರೆ ಮನಸ್ಸು, ಸೇರಿಕೊಂಡಿದೆ. ‘ಪರಿಹಾರ’ದ ಪಾಡು ಮಾತ್ರ ವಿಚಿತ್ರ. ಅದು ಸಮಸ್ಯೆಯ ನಿವಾರಣೆಯೂ ಹೌದು, ನಷ್ಟಕ್ಕೆ ಕೊಡುವ ಹಣವೂ ಹೌದು. ನೆರೆಯಲ್ಲಿ ಮನೆ ಕಳೆದುಕೊಂಡವನಿಗೆ ಪರಿಹಾರ ದೊರೆಯಿತೆಂದು ಓದಿದಾಗ, ದೊರೆತದ್ದು ಯಾವುದೆಂದು ಕೇಳಿ ತಿಳಿಯಬೇಕಾಗುತ್ತದೆ.

ತೀರುವುದಕ್ಕೂ ಬಗೆಹರಿಯುವುದಕ್ಕೂ ಇರುವ ಅಂತರವನ್ನು ಗಾಂಧೀಜಿ ತಮ್ಮ ವಕೀಲಿ ವೃತ್ತಿಯ ಆರಂಭದಲ್ಲಿಯೇ ಕಂಡುಕೊಂಡರು. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವರ್ತಕನ ದಾವೆಯ ಕೆಲಸಕ್ಕಾಗಿ. ಪ್ರತಿವಾದಿಯಾದ ತಯ್ಯಬ್ ಶೇಠ್ ಅವನ ಬಂಧುವೇ, ಇಬ್ಬರೂ ಪೋರಬಂದರಿನವರು. ದಾವೆ ಬೆಳೆದಂತೆ ವಕೀಲರ ಖರ್ಚೂ ಬೆಳೆಯಿತು. ಎರಡು ಮನೆಗಳೂ ಹಾಳಾಗುವ ಸೂಚನೆ ಕಾಣಿಸಿತು. ಗಾಂಧೀಜಿ ಇಬ್ಬರನ್ನೂ ಒಪ್ಪಿಸಿ ಮೊಕದ್ದಮೆಯನ್ನು ಪಂಚಾಯಿತಿಗೆ ಒಯ್ದರು. ಪಂಚರ ತೀರ್ಪು ದಾದಾ ಅಬ್ದುಲ್ಲಾನ ಪರವಾಯಿತು. ತಯ್ಯಬ್ ಶೇಠ್ ಸುಮಾರು 37,000 ಪೌಂಡುಗಳನ್ನೂ ಖರ್ಚನ್ನೂ ತೆರಬೇಕಾಯಿತು.

ವ್ಯಾಜ್ಯ ಅಲ್ಲಿಗೆ ತೀರಿತ್ತು. ಸಾಮಾನ್ಯ ವಕೀಲನಾಗಿದ್ದರೆ ಕಾಗದಪತ್ರಗಳನ್ನು ಕಟ್ಟಿಟ್ಟು ಹಡಗು ಹತ್ತುತ್ತಿದ್ದನು. ಆದರೆ ಅಷ್ಟು ಹಣವನ್ನು ಒಂದೇ ಸಲಕ್ಕೆ ವಸೂಲು ಮಾಡಿದ್ದರೆ ತಯ್ಯಬ್ ಶೇಠ್ ದಿವಾಳಿಯಾಗುತ್ತಿದ್ದನು. ಆ ವರ್ತಕರ ಪಾಲಿಗೆ ದಿವಾಳಿಗಿಂತ ಸಾವೇ ಲೇಸು. ಗಾಂಧೀಜಿ ಗೆದ್ದವನ ಬಳಿಗೆ ಹೋಗಿ, ಹಣವನ್ನು ದೀರ್ಘಕಾಲದ ಕಂತುಗಳಲ್ಲಿ ಸ್ವೀಕರಿಸಬೇಕೆಂದು ಬೇಡಿದರು. ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತ ಇದಕ್ಕೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗೆದ್ದವನನ್ನು ತಗ್ಗಿಸುವುದು ಯಾವ ಕಾಲದಲ್ಲಿಯೂ ಸುಲಭವಲ್ಲ. ಕೊನೆಗೆ ಅವನು ಒಪ್ಪಿದನು. ಇಬ್ಬರ ಗೌರವವೂ ಉಳಿಯಿತು. ಪಂಚರು ತೀರ್ಮಾನಿಸಿದ್ದನ್ನು ಗಾಂಧೀಜಿ ಬಗೆಹರಿಸಿದರು. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳಿಗೂ ‘ರಿಸಾಲ್ವ್’ ಎಂಬ ಒಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಎರಡು ಪದಗಳಿರುವಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು ಉದಾಸೀನವಲ್ಲದೆ ಬೇರೇನೂ ಅಲ್ಲ.

ಕಾವೇರಿಯ ವಿಷಯದಲ್ಲಿ ಈ ಉದಾಸೀನವು ಆಗಾಗ ಕಾಣಿಸಿಕೊಳ್ಳುತ್ತದೆ. ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿ ಒಂದು ಒಪ್ಪಂದವಾಯಿತು, 1924ರಲ್ಲಿ ಮತ್ತೊಂದು. 1990ರಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು. 2007ರಲ್ಲಿ ಅದು ಅಂತಿಮ ಆದೇಶವನ್ನು ನೀಡಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಇವೆಲ್ಲವೂ ತೀರ್ಮಾನಗಳು, ಬೇಕಾದ ತೀರ್ಮಾನಗಳೇ. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟಾಗ ವಿವಾದವು ಮತ್ತೆ ನ್ಯಾಯಾಲಯದ ಬಾಗಿಲಿಗೂ ಬೀದಿಗೂ ಬಂದಿತು. ಮಳೆ ಬಾರದ ವರ್ಷದ ಸಂಕಟವನ್ನು ಹಂಚಿಕೊಳ್ಳುವ ಬಗೆ ಇನ್ನೂ ಹರಿದಿರಲಿಲ್ಲ.

2003ರಲ್ಲಿ ಎರಡೂ ರಾಜ್ಯಗಳ ರೈತರು ಸೇರಿ ‘ಕಾವೇರಿ ಕುಟುಂಬ’ ಎಂಬ ಕೂಟವನ್ನು ಕಟ್ಟಿಕೊಂಡಿದ್ದರು. ಅವರ ಕೈಯಲ್ಲಿ ಕತ್ತಿಯ ಅಧಿಕಾರವಿರಲಿಲ್ಲ. ನೀರಿನ ಲೆಕ್ಕವನ್ನು ಇತ್ಯರ್ಥಗೊಳಿಸುವುದು ಅವರಿಂದಾಗಲಿಲ್ಲ. ಆದರೂ ಮಂಡ್ಯದ ಕಡೆಯ ಬೇಸಾಯವನ್ನು ತಂಜಾವೂರಿನ ಕಡೆಯವರು ಬಂದು ನೋಡಿದರು, ಅಲ್ಲಿಯ ಗದ್ದೆಗಳನ್ನು ಇಲ್ಲಿಯವರು ಹೋಗಿ ನೋಡಿದರು. ಗೂಟವೆಲ್ಲಿದೆಯೆಂದು ಹುಡುಕಲು ಹೊರಟವರು ಅವರು.